ಬಿಸಿಲು ಮೊದಲು, ಕುಂಡ ಆಮೇಲೆ

ಹೊಸ ಮನೆಗೆ ಬಂದ ವರ್ಷ ನರ್ಸರಿಯಿಂದ ಹನ್ನೆರಡು ಗುಲಾಬಿ ಗಿಡ ತಂದಿದ್ದೆ. ಆಟೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಗ್ಗು ಮುರಿದೀತೆಂದು ಒಂದನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದೆ. ಬಣ್ಣಬಣ್ಣದ ಪಿಂಗಾಣಿ ಕುಂಡ, ಅದಕ್ಕೊಪ್ಪುವ ತಟ್ಟೆ, ಮೇಲೆ ಹರಡಲು ಬಿಳಿ ಬೆಣಚುಕಲ್ಲು, ಎಲ್ಲವೂ ಒಂದೇ ದಿನದ ಖರೀದಿ. ಮನೆಯ ಪಕ್ಕದ ಮೂರಡಿ ಓಣಿಯಲ್ಲಿ ಸಾಲಾಗಿ ಜೋಡಿಸಿ, ಫೋಟೊ ತೆಗೆದು ತಂಗಿಗೆ ಕಳಿಸಿದೆ. ನಾಲ್ಕು ತಿಂಗಳಲ್ಲಿ ಹನ್ನೊಂದು ಸತ್ತವು. ಹನ್ನೆರಡನೆಯದು ಬದುಕಿದ್ದು ನನ್ನ ಆರೈಕೆಯಿಂದಲ್ಲ. ಕುಂಡ ಸಾಲದೆ ಅದೊಂದನ್ನು ಹಳೆಯ ಪೇಂಟ್ ಡಬ್ಬಿಯಲ್ಲಿ ನೆಟ್ಟು ತಾರಸಿಯ ಮೇಲಿಟ್ಟು ಮರೆತಿದ್ದೆ.

ಆ ಹನ್ನೊಂದರ ಮರಣೋತ್ತರ ಪರೀಕ್ಷೆ ಮಾಡುತ್ತಾ ಹೋದಾಗ ಕೈತೋಟದ ಬಗ್ಗೆ ನನಗೆ ಗೊತ್ತಾದದ್ದೇ ಈ ಬರಹ. ಬೆಂಗಳೂರಿನ 30×40 ಸೈಟಿನ ಮನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ನನಗೆ ಗೊತ್ತಿರುವುದು ಅದೇ. ಮುಂದೆ ನಾಲ್ಕೈದು ಅಡಿ ಜಾಗ, ಎರಡು ಪಕ್ಕದಲ್ಲಿ ತಲಾ ಮೂರಡಿ ಓಣಿ, ಮೇಲೊಂದು ತಾರಸಿ. ಇಷ್ಟರಲ್ಲಿ ತೋಟವಾಗಬೇಕು.

ಮೊದಲು ಬಿಸಿಲಿನ ಲೆಕ್ಕ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೆರಳಿಲ್ಲದ ದಿನವನ್ನು ನೋಡುವುದು ಆಗಲೇ. ಈ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈ ಪೂರ್ತಿ, ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ.

ಇದನ್ನು ಅಡಿಯ ಲೆಕ್ಕಕ್ಕೆ ಇಳಿಸಿದರೆ ಗುಲಾಬಿಯ ಸಾವು ಅರ್ಥವಾಗುತ್ತದೆ. ಎರಡು ಅಂತಸ್ತಿನ ಮನೆ ಸುಮಾರು 22 ಅಡಿ ಎತ್ತರ ಎಂದುಕೊಳ್ಳಿ. ಡಿಸೆಂಬರ್ 21ರ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ 16 ಅಡಿ ಚಾಚುತ್ತದೆ. ಜೂನ್ 21ರಂದು ದಕ್ಷಿಣಕ್ಕೆ ಬೀಳುವ ನೆರಳು 4 ಅಡಿ ಮಾತ್ರ. ಮನೆಯ ಉತ್ತರದ ಮೂರಡಿ ಓಣಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಮಧ್ಯಾಹ್ನದ ಬಿಸಿಲಿನ ಒಂದು ಹನಿಯೂ ಇಲ್ಲ. ಹಾಗಾದರೆ ದಕ್ಷಿಣದ ಓಣಿಗೆ ಸಿಗಬೇಕಲ್ಲವೇ? ಸಿಗಬೇಕಿತ್ತು, ಪಕ್ಕದವರು ಮನೆ ಕಟ್ಟದೇ ಇದ್ದಿದ್ದರೆ. ಅವರ ಮನೆಯೂ 22 ಅಡಿ. ಅದರ 16 ಅಡಿಯ ನೆರಳು ನಮ್ಮ ಓಣಿಯನ್ನು ದಾಟಿ ನಮ್ಮ ಗೋಡೆಯನ್ನೇ ಹತ್ತುತ್ತದೆ. ನಗರದ ಸಾಲುಮನೆಗಳಲ್ಲಿ ಬಿಸಿಲು ನಿಜವಾಗಿ ಸಿಗುವುದು ಎರಡೇ ಕಡೆ: ರಸ್ತೆಗೆ ಮುಖ ಮಾಡಿದ ಮುಂಭಾಗದಲ್ಲಿ ಮತ್ತು ತಾರಸಿಯ ಮೇಲೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಡುವ ಗುಲಾಬಿಯನ್ನು ನಾನು ಬಾವಿಯೊಳಗೆ ಇಳಿಸಿದ್ದೆ.

ಕೋನ, ಅಕ್ಷಾಂಶದ ಉಸಾಬರಿ ಬೇಡ ಎನ್ನುವವರಿಗೆ ಸೀಮೆಸುಣ್ಣದ ದಾರಿಯಿದೆ. ಮನೆಯಲ್ಲಿರುವ ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಹೊರಗೆ ಹೋಗಿ ಬಿಸಿಲು ಬಿದ್ದ ಜಾಗದ ಅಂಚನ್ನು ನೆಲದ ಮೇಲೆ ಗೀಚಿ, ಸಮಯ ಬರೆದು ಬನ್ನಿ. ಮೂರು ಗೆರೆಗಳ ಒಳಗೂ ಸೇರಿರುವ ಜಾಗ ಹೂಗಿಡಗಳದ್ದು. ಒಂದರೊಳಗೆ ಮಾತ್ರ ಇರುವುದು ಕನಕಾಂಬರ, ಕರ್ಣಕುಂಡಲ, ದೊಡ್ಡಪತ್ರೆಯಂಥ ಅರೆನೆರಳಿನ ಗಿಡಗಳದ್ದು. ಯಾವ ಗೆರೆಯೂ ಮುಟ್ಟದ ಜಾಗ ಎಲೆಗಳದ್ದು. ಡಿಸೆಂಬರಿನಲ್ಲೊಮ್ಮೆ, ಜೂನಿನಲ್ಲೊಮ್ಮೆ ಹೀಗೆ ಮಾಡಿದರೆ ನಿಮ್ಮ ಮನೆಯ ಪಂಚಾಂಗ ನಿಮ್ಮ ಕೈಯಲ್ಲೇ ಇರುತ್ತದೆ. ಅದುವರೆಗೆ ನರ್ಸರಿಗೆ ಹೋಗದಿರುವುದು ಕಿಸೆಗೂ ಒಳ್ಳೆಯದು.

ಮರಣೋತ್ತರ ಪರೀಕ್ಷೆಯ ಎರಡನೆಯ ಭಾಗ ಮಣ್ಣಿನದು. ಸತ್ತ ಗಿಡವೊಂದನ್ನು ಬುಡಸಮೇತ ಕಿತ್ತು ನೋಡಿದೆ. ನಾನು ಹಾಕಿದ ಕಪ್ಪಗಿನ ಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲ ಹಸಿಯಾಗಿ ಉದುರಿತು. ನಡುವೆ ಮಾತ್ರ ಮುಷ್ಟಿಗಿಂತ ದೊಡ್ಡದೊಂದು ಕೆಮ್ಮಣ್ಣಿನ ಉಂಡೆ, ನರ್ಸರಿಯ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ, ಹಾಗೇ ಉಳಿದಿತ್ತು. ಕಲ್ಲಿನಿಂದ ಒಡೆದೆ. ಒಳಗೆ ಒಣಗಿದ ಇಟ್ಟಿಗೆ. ಬೇರುಗಳು ಆ ಉಂಡೆಯ ಹೊರಗೆ ಒಂದು ಬೆರಳಿನಷ್ಟೂ ಬಂದಿರಲಿಲ್ಲ. ನಾನು ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಸರ್ರನೆ ಇಳಿದು ತಟ್ಟೆ ಸೇರುತ್ತಿತ್ತು. ಸಾಗಣೆಯಲ್ಲಿ ಉದುರದಿರಲೆಂದು ಅನೇಕ ನರ್ಸರಿಗಳು ಗಿಡವನ್ನು ಬಿಗಿಯಾದ ಕೆಂಪು ಜೇಡಿಯಲ್ಲಿ ನೆಡುತ್ತವೆ; ಅದು ಅವರ ವ್ಯಾಪಾರಕ್ಕೆ ಸರಿ. ಮನೆಗೆ ತಂದ ಮೇಲೆ ಆ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಬೇರಿನ ತುದಿ ಕಾಣುವಂತೆ ಮಾಡಿ ನೆಡಬೇಕು. ಸಂಜೆ ನೆಟ್ಟು ಮೂರು ನಾಲ್ಕು ದಿನ ನೆರಳಿನಲ್ಲಿಡಿ. ಈ ಒಂದು ಕೆಲಸ ಕಲಿತ ಮೇಲೆ ನನ್ನ ಕೈಯಲ್ಲಿ ಸಾಯುವ ಗಿಡಗಳು ಅರ್ಧಕ್ಕಿಂತ ಕಡಿಮೆಯಾದವು.

ಕುಂಡದ ತಳಕ್ಕೆ ಜಲ್ಲಿ ಹಾಕುವ ಪದ್ಧತಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನೀರು ಚೆನ್ನಾಗಿ ಬಸಿಯಲಿ ಎಂದು ಎಲ್ಲರೂ ಹಾಕುತ್ತಾರೆ, ನಾನೂ ಹಾಕಿದ್ದೆ. ಅದು ಕೆಲಸ ಕೆಡಿಸುತ್ತದೆ. ಪಾತ್ರೆ ತೊಳೆಯುವ ದಪ್ಪ ಸ್ಪಂಜು ತೆಗೆದುಕೊಳ್ಳಿ. ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಅಗಲಕ್ಕೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ, ಒತ್ತದೆ, ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ; ಬದಲಾದದ್ದು ಎತ್ತರ ಮಾತ್ರ. ಸಣ್ಣ ಸಂದುಗಳಲ್ಲಿ ನೀರನ್ನು ಹಿಡಿದಿಡುವ ಸೆಳೆತ ಒಂದು ಕಡೆ, ಕೆಳಗೆಳೆಯುವ ಗುರುತ್ವ ಇನ್ನೊಂದು ಕಡೆ. ಅವೆರಡೂ ಸಮವಾಗುವ ಎತ್ತರದವರೆಗೆ ತಳದಲ್ಲಿ ನೀರು ನಿಂತೇ ಇರುತ್ತದೆ, ರಂಧ್ರ ಎಷ್ಟೇ ದೊಡ್ಡದಿದ್ದರೂ.

ಕುಂಡದ ಮಣ್ಣೂ ಸ್ಪಂಜೇ. ಅದರ ಸಣ್ಣ ಸಂದುಗಳಲ್ಲಿರುವ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಎರಡು ಇಂಚು ಜಲ್ಲಿ ಹಾಕಿದರೆ ತಳದ ಆ ಕೆಸರಿನ ಪದರ ಎರಡು ಇಂಚು ಮೇಲೇರಿ ಬೇರಿಗೆ ಹತ್ತಿರವಾಗುತ್ತದೆ, ಅಷ್ಟೆ. ಮಣ್ಣು ಸೋರದಂತೆ ರಂಧ್ರದ ಮೇಲೊಂದು ಹೆಂಚಿನ ಚೂರು ಸಾಕು. ನೀರು ಬಸಿಯಬೇಕಾದರೆ ಕುಂಡ ಆಳವಿರಬೇಕು, ಮಣ್ಣು ಸಡಿಲವಿರಬೇಕು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಹೆಚ್ಚಿನ ಗಿಡಗಳಿಗೆ ಇದು ನಡೆಯುತ್ತದೆ. ನೆಲದಲ್ಲಿ ಸೊಂಪಾಗಿ ಬೆಳೆಯುತ್ತದೆ ಎಂದು ಹಿತ್ತಲ ಮಣ್ಣನ್ನೇ ಅಗೆದು ಕುಂಡಕ್ಕೆ ತುಂಬಿದರೆ ಅದು ಕುಂಡದಲ್ಲಿ ಗಾರೆಯಾಗುತ್ತದೆ. ನೆಲದ ಸ್ಪಂಜು ಹತ್ತಾರು ಅಡಿ ಆಳ, ಕುಂಡದ್ದು ಒಂದಡಿ.

ಇನ್ನು ಕುಂಡದ ಅಳತೆ. ಆರಿಂಚಿನ ಕುಂಡಕ್ಕೆ ಹೋಲಿಸಿದರೆ ಹನ್ನೆರಡಿಂಚಿನದು ಎರಡರಷ್ಟು ಎನಿಸುತ್ತದೆ. ಅಗಲ, ಉದ್ದ, ಎತ್ತರ ಮೂರೂ ಇಮ್ಮಡಿಯಾಗುವುದರಿಂದ ಅದರೊಳಗಿನ ಮಣ್ಣು ಎಂಟರಷ್ಟು. ಮಾರ್ಚ್ ತಿಂಗಳ ತಾರಸಿಯಲ್ಲಿ ಆರಿಂಚಿನ ಕುಂಡ ಬೆಳಿಗ್ಗೆ ನೀರುಂಡು ಸಂಜೆಗೆ ಬಾಯಿಬಿಡುತ್ತದೆ. ಹನ್ನೆರಡಿಂಚಿನದು ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದರೂ ನಿಂತಿರುತ್ತದೆ. ಮೂವತ್ತು ಪುಟಾಣಿ ಕುಂಡಗಳಿಗಿಂತ ಎಂಟು ದೊಡ್ಡವು ಕಣ್ಣಿಗೂ ಹಿತ. ಚಿಕ್ಕವು ಸಂತೆಯಲ್ಲಿ ಮಾರಲಿಟ್ಟಂತೆ ಕಾಣುತ್ತವೆ.

ದೊಡ್ಡ ಕುಂಡ ಎಂದ ಕೂಡಲೇ ತಾರಸಿಯ ಭಾರದ ಪ್ರಶ್ನೆ ಬರುತ್ತದೆ, ಬರಲೇಬೇಕು. ನಮ್ಮ ದೇಶದ ಕಟ್ಟಡ ಮಾನದಂಡ, ಐಎಸ್ 875, ಜನ ಓಡಾಡುವ ಸಮತಟ್ಟು ತಾರಸಿಗೆ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಅಂದರೆ ಚದರ ಅಡಿಗೆ 14 ಕೆ.ಜಿ. ಒಂದು ಘನ ಅಡಿ ಹಸಿ ಮಣ್ಣು 50 ಕೆ.ಜಿ.ಯ ಹತ್ತಿರ ತೂಗುತ್ತದೆ. ತಾರಸಿಯ ಮೇಲೆ ಇಟ್ಟಿಗೆ ಕಟ್ಟಿ ಒಂದಡಿ ಮಣ್ಣು ತುಂಬಿ ಹುಲ್ಲುಹಾಸು ಮಾಡಿಸುತ್ತೇನೆ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಲಿ; ಆಮೇಲೆ ಎಂಜಿನಿಯರ್ ಒಬ್ಬರಿಗೆ ತೋರಿಸಲಿ. ಕುಂಡಗಳಾದರೆ ಅಲ್ಲೊಂದು ಇಲ್ಲೊಂದು ಇರುವುದರಿಂದ ಭಾರ ಹಂಚಿಹೋಗುತ್ತದೆ. ಅವನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚುಗಳಲ್ಲಿ ಇಡುವುದು ಕ್ಷೇಮ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ. ಗಾಳಿಯಾಡುತ್ತದೆ, ಗಾರೆ ಒಣಗುತ್ತದೆ, ಬೇರು ಬಿರುಕಿಗೆ ಇಳಿಯುವುದಿಲ್ಲ.

ನೀರಿನ ಲೆಕ್ಕ ಸಲೀಸು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸು ದಿನಕ್ಕೆ ಸುಮಾರು 5 ಮಿ.ಮೀ. ಕುಡಿಯುತ್ತದೆ. ಹತ್ತು ಚದರ ಮೀಟರಿನ ಪುಟ್ಟ ಹಾಸಿಗೂ ದಿನಕ್ಕೆ 50 ಲೀಟರ್. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯುವುದಕ್ಕೆ ಬಳಸಬಾರದೆಂದು 5000 ರೂಪಾಯಿ ದಂಡ ಹಾಕಿತ್ತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಹುಲ್ಲುಹಾಸುಗಳೆಲ್ಲ ಚಾಪೆಯ ಬಣ್ಣಕ್ಕೆ ತಿರುಗಿದವು. ನಂತರ ಎರಡು ಮನೆಗಳಲ್ಲಿ ಪ್ಲಾಸ್ಟಿಕ್ ಹುಲ್ಲು ಬಂತು. ಬಿಸಿಲಿನಲ್ಲಿ ಅದರ ಮೇಲೆ ಬರಿಗಾಲಿನಲ್ಲಿ ನಿಂತು ನೋಡಿದವರು ಯಾರೂ ಅದನ್ನು ಹೊಗಳಲಾರರು.

ಇನ್ನೊಂದು ಕಡೆ, ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುತ್ತದೆ. 30×40 ಸೈಟು 111 ಚದರ ಮೀಟರ್. ಗುಣಿಸಿದರೆ ಲಕ್ಷ ಲೀಟರಿಗೂ ಮಿಕ್ಕಿತು. ಅದರಲ್ಲಿ ಬಹುಪಾಲು ನಮ್ಮ ಕಣ್ಣೆದುರೇ ಚರಂಡಿಗೆ ಹೋಗುತ್ತದೆ. ತಾರಸಿಯ ಕೊಳವೆಗೆ ಡ್ರಮ್ಮೊಂದನ್ನು ಜೋಡಿಸಿ, ಬಾಯಿಗೆ ಬಲೆ ಕಟ್ಟಿದರೂ ಸಾಕು, ಏಪ್ರಿಲಿನ ಒಂದು ಗುಡುಗು ಮಳೆ ಒಂದು ವಾರದ ನೀರು ಕೊಡುತ್ತದೆ. ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲ ನೀರು ಒಂದು ಕಲ್ಲಿನ ದೋಣಿಯಲ್ಲಿ ಹರಿದು ಬಾಳೆಯ ಬುಡಕ್ಕೆ, ಬಾಳೆ ದಾಟಿದ್ದು ಕೆಸುವಿನ ಮಡಿಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಇಂದಿಗೂ ಯಾವ ಕುಂಡಕ್ಕೂ ಆಗುತ್ತದೆ. ಕುಂಡದ ಮಣ್ಣಿನ ಮೇಲೆ ಎರಡು ಇಂಚು ಒಣ ತರಗು ಮುಚ್ಚಿದರೆ ನೀರಿನ ಖರ್ಚು ಇನ್ನೂ ತಗ್ಗುತ್ತದೆ. ಬಿಳಿ ಬೆಣಚುಕಲ್ಲು ಹಾಕಿ ಕಾಣಲು ಚೆಂದ ಮಾಡಿದ್ದೆನಲ್ಲ, ಅದು ತೇವ ಹಿಡಿದರೂ ಮಣ್ಣಿಗೆ ಏನೂ ಕೊಡುವುದಿಲ್ಲ. ತರಗು ಕೊಳೆತು ಗೊಬ್ಬರವಾಗುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲ ತಟ್ಟೆಗಳನ್ನೂ ಬೋರಲು ಹಾಕಿ.

ಈಗ ಅಲಂಕಾರಕ್ಕೆ ಬರಬಹುದು. ಇಷ್ಟು ಹೊತ್ತು ಕಾಯಿಸಿದ್ದು ಬೇಕೆಂದೇ. ಸಾಯುತ್ತಿರುವ ಗಿಡದ ಸುತ್ತ ಎಷ್ಟು ಬಣ್ಣದ ಕಲ್ಲು ಜೋಡಿಸಿದರೂ ಅದು ಆಸ್ಪತ್ರೆಯ ಹಾಸಿಗೆಗೆ ಹೂದಾನಿ ಇಟ್ಟಂತೆ.

ತೋಟವನ್ನು ನೀವು ಎಲ್ಲಿಂದ ನೋಡುತ್ತೀರಿ? ಹೆಚ್ಚಿನವರು ರಸ್ತೆಯಲ್ಲಿ ನಿಂತವರಿಗೆ ಕಾಣುವಂತೆ ಜೋಡಿಸುತ್ತಾರೆ. ದಿನವೂ ನೋಡುವವರು ಮನೆಯವರು: ಅಡುಗೆಮನೆಯ ಕಿಟಕಿಯಿಂದ, ಕಾಫಿ ಕುಡಿಯುವ ಮೆಟ್ಟಿಲಿನಿಂದ, ಬಟ್ಟೆ ಒಣಗಿಸುವ ಮೂಲೆಯಿಂದ. ಆ ಜಾಗಗಳಲ್ಲಿ ಕೂತು, ಅಲ್ಲಿಂದ ಕಣ್ಣು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಿ. ಅಲ್ಲಿ ಒಂದೇ ಒಂದು ಒಳ್ಳೆಯ ವಸ್ತು ಇಡಿ. ನಮ್ಮ ಮನೆಯಲ್ಲಿ ಅದು ಅಜ್ಜಿಯ ಒಳಕಲ್ಲು. ರುಬ್ಬುವ ಕೆಲಸ ಮಿಕ್ಸಿಗೆ ಹೋದ ಮೇಲೆ ಅದು ಹಿತ್ತಲಲ್ಲಿ ಬೋರಲಾಗಿ ಬಿದ್ದಿತ್ತು. ಈಗ ಅದರ ಗುಳಿಯಲ್ಲಿ ದಿನಾ ಬೆಳಿಗ್ಗೆ ಹೊಸ ನೀರು, ಮೇಲೆ ಉದುರಿದ ನಂದಬಟ್ಟಲಿನ ನಾಲ್ಕು ಹೂ. ಬುಲ್‌ಬುಲ್ ಹಕ್ಕಿ ಮಿಂದು ಹೋಗುತ್ತದೆ. ಅದರ ಪಕ್ಕ ಸಿಮೆಂಟಿನ ಬಾತುಕೋಳಿ, ಬಣ್ಣ ಬಳಿದ ಟೈರು, ಪ್ಲಾಸ್ಟಿಕ್ ಬೇಲಿ ಇಟ್ಟಿದ್ದರೆ ಒಳಕಲ್ಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕುಂಡಗಳು ಬೇರೆ ಬೇರೆ ಇದ್ದರೆ ಎಸೆಯಬೇಕಿಲ್ಲ. ಪೇಂಟ್ ಬಕೆಟ್, ಎಣ್ಣೆ ಡಬ್ಬಿ, ಸಿಮೆಂಟ್ ಕುಂಡ, ಒಡೆದ ಪ್ಲಾಸ್ಟಿಕ್ ಟಬ್ಬು, ಎಲ್ಲಕ್ಕೂ ಒಂದೇ ಕಾವಿ ಬಣ್ಣ ಬಳಿಯಿರಿ. ಬಾಯಂಚಿಗೆ ಎರಡು ಬೆರಳಗಲ ಸುಣ್ಣದ ಬಿಳಿ ಗೆರೆ ಎಳೆಯಿರಿ. ಹಳೆಯ ಮನೆಗಳ ಜಗಲಿ, ತುಳಸಿಕಟ್ಟೆ, ದೇವಸ್ಥಾನದ ಗೋಡೆಗಳಲ್ಲಿ ನಾವು ಹುಟ್ಟಿದಾಗಿನಿಂದ ನೋಡಿದ ಜೋಡಿ ಅದು. ಹಸಿರಿಗೆ ಕೆಂಪು ಎದುರು ಬಣ್ಣವಾದ್ದರಿಂದ ಎಲೆಗಳು ಇನ್ನಷ್ಟು ಹಸಿರಾಗಿ ಕಾಣುತ್ತವೆ. ನೂರಿನ್ನೂರು ರೂಪಾಯಿಯ ಕೆಂಪು ಆಕ್ಸೈಡಿನಲ್ಲಿ ನಮ್ಮ ಮುಂಭಾಗದ ಚಹರೆಯೇ ಬದಲಾಯಿತು. ತಂಗಿ ಬಂದವಳು ಕುಂಡ ಎಲ್ಲಿ ಕೊಂಡೆ ಎಂದು ಕೇಳಿದಳು.

ಬಿಸಿಲಿಲ್ಲದ ಆ ಮೂರಡಿ ಓಣಿಗಳು ನಿಜಕ್ಕೂ ವರವೇ, ಅಲ್ಲಿ ಹೂ ಬೇಕೆಂದು ಹಟ ಹಿಡಿಯದಿದ್ದರೆ. ಗೋಡೆಗೆ ಸುಣ್ಣವೋ ಬಿಳಿ ಬಣ್ಣವೋ ಬಳಿದರೆ ಮೇಲಿನಿಂದ ಇಳಿಯುವ ಬೆಳಕು ಪುಟಿದು ಕೆಳಗೆ ಬರುತ್ತದೆ. ಅಲ್ಲಿ ಎಲೆಗಳ ಆಟ ಕಟ್ಟಬೇಕು. ಅಗಲದ ಎಲೆಗೆ ಕೆಸು, ಸಣ್ಣ ಗರಿಯಂಥದ್ದಕ್ಕೆ ಜರೀಗಿಡ, ಕತ್ತಿಯಂತೆ ನೆಟ್ಟಗೆ ನಿಲ್ಲುವುದಕ್ಕೆ ಸ್ನೇಕ್ ಪ್ಲಾಂಟ್, ಗೋಡೆ ಹತ್ತಲು ಮನಿ ಪ್ಲಾಂಟ್ ಅಥವಾ ವೀಳ್ಯದ ಬಳ್ಳಿ. ಒಂದೊಂದು ಜಾತಿಯ ಒಂದೊಂದು ಗಿಡ ಇಟ್ಟರೆ ಸಸ್ಯಶಾಸ್ತ್ರದ ಪ್ರಯೋಗಾಲಯವಾಗುತ್ತದೆ. ಒಂದೇ ಜರೀಗಿಡವನ್ನು ಐದು ಕಡೆ ಮರುಕಳಿಸಿದರೆ ತೋಟವಾಗುತ್ತದೆ. ನೆಲಕ್ಕೆ ಸಿಮೆಂಟು ಬಳಿಯುವ ಬದಲು ಕಡಪ ಕಲ್ಲುಗಳನ್ನು ಒಂದು ಹೆಜ್ಜೆ ಅಂತರದಲ್ಲಿ ಹಾಸಿ, ಸಂದಿನಲ್ಲಿ ಮಣ್ಣು ಬಿಡಿ. ಮಳೆನೀರು ಇಳಿಯುತ್ತದೆ, ಒಂದೆಲಗ ತಾನಾಗಿ ಹಬ್ಬುತ್ತದೆ, ಚಟ್ನಿಗೂ ಆಗುತ್ತದೆ. ಹಳೆಮನೆ ಕೆಡಹುವ ಕಡೆ ಮಂಗಳೂರು ಹೆಂಚು ಸಿಕ್ಕರೆ ಬಿಡಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚನ್ನು ಅಂಚಿಗೆ ನಿಲ್ಲಿಸಿ ಅರ್ಧ ಹೂತರೆ, ಮಡಿಯ ಅಂಚು ಕಟ್ಟಲು ಅದಕ್ಕಿಂತ ಚೆಂದದ್ದು ಅಂಗಡಿಯಲ್ಲಿ ಇಲ್ಲ.

ಹೂಗಳ ವಿಷಯಕ್ಕೆ ಬಂದರೆ, ಬೆಂಗಳೂರಿನವರಿಗೆ ಗುರು ಹತ್ತಿರದಲ್ಲೇ ಇದ್ದಾರೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಈ ಊರಿನ ರಸ್ತೆಗಳಿಗೆ ಮರ ಆರಿಸುವಾಗ ಹಿಡಿದ ಸೂತ್ರವೊಂದಿತ್ತು: ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬರಿದಾಗಬಾರದು. ಅದನ್ನೇ ನಾಲ್ಕಡಿ ಜಾಗಕ್ಕೆ ಇಳಿಸಬಹುದು. ದಾಸವಾಳ, ನಂದಬಟ್ಟಲು, ಕನಕಾಂಬರ, ನಿತ್ಯಪುಷ್ಪ ಇವು ವರ್ಷವಿಡೀ ಮನೆ ನಡೆಸುವ ಆಳುಗಳು. ಇವುಗಳ ಮೇಲೆ ಅತಿಥಿಗಳನ್ನು ಕರೆಯಬೇಕು. ಬೇಸಿಗೆಗೆ ದುಂಡುಮಲ್ಲಿಗೆ ಮತ್ತು ಕಾಗದದ ಹೂ. ಮಳೆಗಾಲಕ್ಕೆ ಡೇರೆ, ಕರ್ಣಕುಂಡಲ, ಶಂಖಪುಷ್ಪ. ಆಗಸ್ಟಿನಿಂದ ಪಾರಿಜಾತ. ಚಳಿ ಹುಟ್ಟುತ್ತಿದ್ದಂತೆ ಚೆಂಡು ಹೂ, ಸ್ಫಟಿಕ, ಸೇವಂತಿಗೆ. ಕಾಗದದ ಹೂವಿಗೆ ಮಾತ್ರ ಪ್ರೀತಿ ತೋರಬೇಡಿ: ಹೆಚ್ಚು ನೀರು ಹಾಕಿದರೆ ಅದು ಬರೀ ಎಲೆ ಬಿಟ್ಟು ಮುಳ್ಳು ತೋರಿಸುತ್ತದೆ. ಡೇರೆಯ ಗಡ್ಡೆಯನ್ನು ಕೊಳ್ಳುವುದಕ್ಕಿಂತ ಮಲೆನಾಡಿನ ನೆಂಟರನ್ನು ಕೇಳಿ. ಮಳೆ ಹಿಡಿಯುವ ಮುಂಚೆ ಗಡ್ಡೆ ಹಂಚಿಕೊಳ್ಳುವುದು ಅಲ್ಲಿನ ಹೆಂಗಸರ ನಡುವಿನ ಹಳೆಯ ವ್ಯವಹಾರ. ಬಣ್ಣ ಯಾವುದು ಎಂಬುದು ಅರಳಿದ ಮೇಲೇ ಗೊತ್ತಾಗುವುದು, ಕೊಟ್ಟವರ ಜ್ಞಾಪಕದ ಮೇಲೆ ನಂಬಿಕೆಯಿಡುವಂತಿಲ್ಲ.

ಇನ್ನೊಂದು ಮಾತು ಕೆಲಸಕ್ಕೆ ಹೋಗುವವರಿಗೆ. ನೀವು ತೋಟ ನೋಡುವುದು ಸಂಜೆ ಆರರ ಮೇಲೆ. ದಾಸವಾಳ ಆಗ ಮುದುಡಿ ಛತ್ರಿಯಾಗಿರುತ್ತದೆ. ಕೆಂಪು, ನೇರಳೆ ಬಣ್ಣಗಳು ಮಬ್ಬಿನಲ್ಲಿ ಕಪ್ಪಾಗುತ್ತವೆ. ಆ ಹೊತ್ತಿಗೆ ಅರಳುವುದು ದುಂಡುಮಲ್ಲಿಗೆ, ಪಾರಿಜಾತ, ಸುಗಂಧರಾಜ, ರಾತ್ರಿರಾಣಿ. ಇವೆಲ್ಲ ಬಿಳಿ ಅಥವಾ ತಿಳಿ ಬಣ್ಣದವು, ಎಲ್ಲವೂ ಗಮಗಮಿಸುವಂಥವು. ಇದು ಕಾಕತಾಳೀಯವಲ್ಲ. ರಾತ್ರಿ ಹಾರುವ ಪತಂಗಗಳನ್ನು ಕರೆಯಬೇಕಾದ ಹೂವಿಗೆ ಬಣ್ಣ ಖರ್ಚು ಮಾಡಿ ಪ್ರಯೋಜನವಿಲ್ಲ. ಕತ್ತಲಲ್ಲಿ ಕಾಣುವ ಬಿಳಿ ಬೇಕು, ದೂರ ಹೋಗುವ ವಾಸನೆ ಬೇಕು. ಪತಂಗಕ್ಕೆಂದು ಮಾಡಿದ ಏರ್ಪಾಡು, ಕಚೇರಿಯಿಂದ ಬಸವಳಿದು ಬಂದವರಿಗೂ ಹೊಂದುತ್ತದೆ. ಬಾಗಿಲ ಬಳಿ ಒಂದೆರಡು ಕುಂಡ ಮಲ್ಲಿಗೆ ಇಟ್ಟರೆ ಬೀಗ ತೆಗೆಯುವ ಮೊದಲೇ ತೋಟ ಶುರುವಾಗುತ್ತದೆ.

ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಕಪ್ಪು-ಬಿಳಿ ಗುರುತು ಕಂಡರೆ ಒರೆಸುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಅದು ಚಿಟ್ಟೆಯ ಮರಿಹುಳು ಇರಬಹುದು, ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹಿಕ್ಕೆಯ ವೇಷ ಹಾಕಿರುತ್ತದೆ. ಕೆಲವು ದಿನಗಳಲ್ಲಿ ಹಸಿರಾಗಿ, ಎರಡು ಮೂರು ರೆಂಬೆ ಬೋಳಿಸಿ, ಗೂಡು ಕಟ್ಟುತ್ತದೆ. ಒಗ್ಗರಣೆಗೆ ಒಂದು ವಾರ ಪಕ್ಕದ ಮನೆಯವರನ್ನು ಕೇಳಿದರಾಯಿತು.

ಕೊನೆಯದಾಗಿ ದೀಪ. ಈಗ ಎಲ್ಲ ಕಡೆ ಸರಪಳಿ ದೀಪ, ಗಿಡದ ಬುಡದಿಂದ ಮೇಲಕ್ಕೆ ಹೊಡೆಯುವ ದೀಪಗಳ ಹುಚ್ಚು. ಮೆಟ್ಟಿಲು ಕಾಣುವಷ್ಟು ಹಳದಿ ಬೆಳಕು ಕೆಳಮಟ್ಟದಲ್ಲಿ ಇದ್ದರೆ ಚೆಂದವೇ, ಮಲಗುವಾಗ ಆರಿಸಬೇಕು. ಇದನ್ನು ನನಗೆ ಕಲಿಸಿದ್ದು ಸೇವಂತಿಗೆ. ಸೇವಂತಿಗೆ ಹೂ ಬಿಡುವುದು ಚಳಿಗಲ್ಲ, ರಾತ್ರಿಯ ಉದ್ದಕ್ಕೆ. ಸೆಪ್ಟೆಂಬರಿನ ನಂತರ ರಾತ್ರಿ ಬೆಳೆಯುತ್ತಾ ಹೋದಂತೆ ಅದು ಕತ್ತಲೆಯ ಗಂಟೆಗಳನ್ನು ಅಳೆದು ಮೊಗ್ಗು ಕಟ್ಟುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಆ ಲೆಕ್ಕ ಮುರಿಯುತ್ತದೆ. ಹೂ ತಡವಾಗಿ ಬರಲೆಂದು ಬೆಳೆಗಾರರು ಬೇಕೆಂದೇ ರಾತ್ರಿ ದೀಪ ಉರಿಸುವುದುಂಟು. ನನಗೆ ಇದು ತಿಳಿದಿರಲಿಲ್ಲ. ಒಂದೇ ದಿನ, ಒಂದೇ ಮಣ್ಣಿನಲ್ಲಿ ನೆಟ್ಟ ಆರು ಕುಂಡಗಳಲ್ಲಿ ಮೂರನ್ನು ಗೇಟಿನ ಪಕ್ಕ ಬೀದಿದೀಪದ ಕೆಳಗೆ, ಮೂರನ್ನು ತಾರಸಿಯ ನೀರಿನ ತೊಟ್ಟಿಯ ಹಿಂದೆ ಇಟ್ಟಿದ್ದೆ. ದೀಪಾವಳಿಯ ಹೊತ್ತಿಗೆ ತಾರಸಿಯವು ಹಳದಿ ಹೂವಿನ ಬುಟ್ಟಿಗಳಾಗಿದ್ದವು. ಗೇಟಿನ ಪಕ್ಕದವು ಇನ್ನೂ ಮೊಣಕಾಲೆತ್ತರದ ಹಸಿರು ಎಲೆ. ಅವನ್ನೂ ಮೇಲಕ್ಕೆ ಹೊತ್ತು ತೊಟ್ಟಿಯ ಹಿಂದಿಟ್ಟೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರ ಮುಡಿಗೆ ಹೂ ಸಿಕ್ಕಿದ್ದು ಆ ಮೂರು ಕುಂಡಗಳಿಂದ.